ಮಗುವಿನ ಅಳು ಚೇತರಿಕೆಯ ಲಕ್ಷಣವೇ?

ಆಟಿಸಂ ಇರುವ ಮಕ್ಕಳ ದೇಹದಿಂದ ಪಾದರಸ, ಸೀಸಗಳನ್ನು ತೆಗೆಯುತ್ತೇವೆಂದು ಕೀಲೇಶನ್ ಚಿಕಿತ್ಸೆ ನೀಡುವವರು ಅಮೆರಿಕದಲ್ಲಿದ್ದಾರೆ. ಔಷಧ ಆರಂಭವಾದ ಮೇಲೆ ಮಗು ನಿದ್ದೆಗೆಟ್ಟು ಅತ್ತರೆ, ರೇಗಿ ತನ್ನನ್ನೇ ಹೊಡೆದುಕೊಂಡರೆ ಪೋಷಕರಿಗೆ ಸಿಗುವ ಸಮಾಧಾನ ಒಂದೇ: ‘ವಿಷ ಹೊರಬರುತ್ತಿದೆ.’ ಮಗು ಶಾಂತವಾದರೆ ಔಷಧದ ಗೆಲುವು. ಕೆರಳಿದರೂ ಅದರದೇ ಗೆಲುವು. ಸೋಲಿಗೆ ಆಸ್ಪದವೇ ಇಲ್ಲದ ಇಂಥ ವಾದ ವಿಜ್ಞಾನವಲ್ಲ.

ರಕ್ತದಲ್ಲಿ ಸೀಸ ತೀವ್ರವಾಗಿ ಏರಿದಾಗ ಕೀಲೇಶನ್ ಜೀವ ಉಳಿಸಬಲ್ಲದು, ನಿಜ. ಆದರೆ ಮಧ್ಯಮ ಪ್ರಮಾಣದ ಸೀಸವಿದ್ದ 780 ಮಕ್ಕಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಸಿಮರ್ ಔಷಧವು ಸೀಸವನ್ನು ತಗ್ಗಿಸಿತೇ ಹೊರತು ಬುದ್ಧಿಶಕ್ತಿಯನ್ನಾಗಲಿ ನಡವಳಿಕೆಯನ್ನಾಗಲಿ ಸುಧಾರಿಸಲಿಲ್ಲ. ಸೀಸ ಸೋಂಕದ ಇಲಿಮರಿಗಳಿಗೆ ಅದನ್ನೇ ಕೊಟ್ಟಾಗ ಕಲಿಕೆಗೂ ಭಾವನೆಗಳಿಗೂ ಬಹುಕಾಲ ಉಳಿಯುವ ಹಾನಿಯಾಯಿತು. ಆ ಆತಂಕವೂ ಸೇರಿ, ಆಟಿಸಂ ಮಕ್ಕಳ ಮೇಲೆ ನಡೆಯಬೇಕಿದ್ದ ಸರ್ಕಾರಿ ಪ್ರಯೋಗವನ್ನು 2008ರಲ್ಲಿ ಕೈಬಿಡಲಾಯಿತು. ಅದಕ್ಕೂ ಮೊದಲೇ, 2005ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕನೊಬ್ಬ ರಕ್ತನಾಳಕ್ಕೆ ನೀಡಿದ ಕೀಲೇಶನ್ ಔಷಧದಿಂದ ಕ್ಯಾಲ್ಸಿಯಂ ಕುಸಿದು, ಹೃದಯ ನಿಂತು ಮೃತಪಟ್ಟಿದ್ದ.

ಮಾತು ಬಾರದ ಮಗುವಿಗೆ ನಡವಳಿಕೆಯೇ ಭಾಷೆ. ಅದು ‘ಬೇಡ’ ಎನ್ನುತ್ತಿರುವಾಗ ‘ಗುಣವಾಗುತ್ತಿದೆ’ ಎಂದು ಅರ್ಥ ಹೇಳುವವರನ್ನಲ್ಲ, ಮಗುವನ್ನು ನಂಬಬೇಕು.