ಸಿಕ್ಕಿಗೆ ಜಡಿ ಅಂತ ಹೆಸರಿಟ್ಟವರು ಯಾರು?

ಕೂದಲಿಗೆ ನೀರು ಬೇಕು, ಎಣ್ಣಿ ಬೇಕು, ಬಾಚಲಿಕ್ಕೆ ಹೊತ್ತು ಬೇಕು. ಸವದತ್ತಿ, ರಾಮದುರ್ಗದ ಕಡೆಯ ನಮ್ಮ ಕೇರಿಗಳಲ್ಲಿ ಇವು ಯಾವಾಗ ಸಾಕಷ್ಟು ಇದ್ದವು? ಕುಡಿಯುವ ನೀರಿಗೇ ಪರರ ಬಾವಿ ಕಟ್ಟೆಯ ಕೆಳಗೆ ಕೊಡ ಹಿಡಿದು ಕಾದವರು ತಲಿಗೆ ಎಲ್ಲಿಂದ ಹಾಕ್ಯಾರು? ಒಗ್ಗರಣಿಗೇ ಇಲ್ಲದ ಎಣ್ಣಿ ನೆತ್ತಿಗೆ ಎಲ್ಲಿಂದ ಬಂದೀತು? ಹೊತ್ತು ಹುಟ್ಟುವ ಮೊದಲೇ ಕೂಲಿಗೆ ಹೋಗುವ ಅವ್ವನಿಗೆ ಮಗಳ ಸಿಕ್ಕು ಬಿಡಿಸಲು ಪುರುಸೊತ್ತೆಲ್ಲಿ?

ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಾಚಿದರೆ ಹಣಗಿಗೆ ಬರ್ತಾವ. ಬಾಚದಿದ್ದರೆ ಒಳಗೇ ಉಳಿದು, ಬೆಳೆಯುವ ಕೂದಲಿಗೆ ಸುತ್ತಿಕೊಳ್ತಾವ. ಬೆವರು, ಧೂಳು ಸೇರಿ ಅಂಟಾಗ್ತದ. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬೆಳೆದು ಹಗ್ಗ ಆಗ್ತದ. ಇಷ್ಟೇ ಇದರ ಪವಾಡ.

ಗೌಡರ ಮನಿ ಹುಡುಗಿಗೂ ಸಿಕ್ಕಾಗ್ತದ. ಅಲ್ಲಿ ಎಣ್ಣಿ ಬಟ್ಟಲು ಬರ್ತದ. ನಮ್ಮ ಕೇರಿಗೆ ಮಾತ್ರ ಅಪ್ಪಣೆ ಬರ್ತದ: ಎಲ್ಲವ್ವ ಕರದಾಳ, ಬಾಚಬ್ಯಾಡ್ರಿ, ಕೊಯ್ದರ ರಕ್ತ ಸುರೀತದ, ಮನಿಯಾಗ ಹೆಣ ಬೀಳ್ತದ! ಆ ಹೆದರಿಕೆಯ ಹಗ್ಗ ಹಿಡಿದೇ ಎಷ್ಟು ಹುಡುಗಿಯರನ್ನು ಗುಡ್ಡಕ್ಕೆ ಎಳೆದೊಯ್ದು ಕೊರಳಿಗೆ ಮುತ್ತು ಕಟ್ಟಿದರು! ಮುತ್ತು ಕಟ್ಟಿದ ಮೇಲೆ ಆಕೆ ಯಾರ ಹೆಂಡತಿಯೂ ಅಲ್ಲ, ದುಡ್ಡಿದ್ದವನ ಪಾಲು. ಸಾಧುವಿನ ತಲೆಯ ಮೇಲಿದ್ದರೆ ಅದು ತಪಸ್ಸು, ಅವನ ಕಾಲಿಗೆ ಬೀಳ್ತಾರೆ. ನಮ್ಮ ತಂಗಿಯ ತಲೆಯ ಮೇಲಿದ್ದರೆ ಆಕೆಯ ಮೈಯೇ ಊರಿನ ಆಸ್ತಿ. ಗುಡ್ಡದ ಮೇಲಿನ ಹೊಂಡಕ್ಕೆ ಎಣ್ಣಿಹೊಂಡ ಅಂತ ಹೆಸರು ಬೇರೆ.

1934ರಲ್ಲಿ ಮುಂಬಯಿ ಸರಕಾರ ದೇವದಾಸಿ ಕಾಯ್ದೆ ಮಾಡಿತು. ನಮ್ಮ ಬೆಳಗಾವಿ ಜಿಲ್ಲೆ ಆಗ ಅದರೊಳಗೇ ಇತ್ತು. 1982ರಲ್ಲಿ ಕರ್ನಾಟಕವೂ ಮಾಡಿತು. ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆಯುವಂತಾಯಿತು. ಆದರೆ ತಲಿಯೊಳಗಿನ ಹೆದರಿಕೆಗೆ ಯಾವ ಪೋಲೀಸ್ ಠಾಣೆಯಲ್ಲಿ ಕೇಸು ಹಾಕೋಣ?

ಹಿಂದೆ ಪೋಲೆಂಡಿನ ಬಡ ರೈತರ ತಲೆಗೂ ಇದೇ ಜಡಿ ಬರುತ್ತಿತ್ತು. ಕೊಯ್ದರೆ ಕಣ್ಣು ಹೋಗುತ್ತವೆ ಎಂದು ಅವರೂ ನಡುಗುತ್ತಿದ್ದರು. ಅಲ್ಲಿಗೆ ಯಾವ ಎಲ್ಲವ್ವ ಹೋಗಿದ್ದಳ್ರೀ? ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಎಷ್ಟೋ ಹೆಂಗಸರ ಜಡಿ ಕೊಯ್ದಿದ್ದಾರೆ. ರಕ್ತ ಬರಲಿಲ್ಲ. ಬರುವುದು ಹೇಗೆ, ಚರ್ಮದ ಹೊರಗಿನ ಕೂದಲಿಗೆ ಜೀವವೇ ಇಲ್ಲ. ರಕ್ತ ಬಂದದ್ದು ಸಮಿತಿ ಕಟ್ಟಿದ ನರೇಂದ್ರ ದಾಭೋಲ್ಕರರ ಮೈಯಿಂದ, 2013ರ ಆಗಸ್ಟ್ 20ರಂದು, ಪುಣೆಯಲ್ಲಿ ಗುಂಡು ಹೊಡೆದಾಗ.

ಅವ್ವಂದಿರನ್ನು ನಾವು ಬೈಯುವುದಿಲ್ಲ. ಮಗು ಸತ್ತೀತು ಅನ್ನುವ ಹೆದರಿಕೆ ಸುಳ್ಳಲ್ಲ, ಹೆದರಿಸಿದವರು ಸುಳ್ಳರು. ಡಿಗ್ರಿ ಹಿಡಿದು ಪ್ಯಾಟಿ ಸೇರಿದ ನಮ್ಮ ಗೆಳೆಯರೇ, ಭಾಷಣ ಆಮೇಲೆ, ಮೊದಲು ಎಣ್ಣಿ ಬಾಟ್ಲಿ ಹಿಡಿದು ಕೇರಿಗೆ ಬರ್ರಿ. ಹೊಸ ಸಿಕ್ಕಾದರೆ ಕೊಬ್ಬರಿ ಎಣ್ಣಿ ಹಚ್ಚಿ ರಾತ್ರಿ ನೆನೆಯಲು ಬಿಡಬೇಕು. ಬುಡದಿಂದ ಎಳೆಯಬಾರದು, ತುದಿಯಿಂದ ಬೆರಳಲ್ಲಿ ಬಿಡಿಸುತ್ತಾ ಮ್ಯಾಲೆ ಹೋಗಬೇಕು, ಆಮೇಲೆ ಅಗಲ ಹಲ್ಲಿನ ಹಣಗಿ. ಪೂರಾ ಬಿಡಿಸಿದ ಮೇಲೆಯೇ ಸೀಗೆಕಾಯಿ, ನೀರು. ಗಟ್ಟಿಯಾಗಿ ಹಗ್ಗವಾಗಿದ್ದರೆ ಕತ್ತರಿಯೇ ಸೈ. ಕೆಳಗೆ ಹೇನು, ಹುಣ್ಣು ಇದ್ದರೆ ದವಾಖಾನೆಗೆ ಕರೆದೊಯ್ಯಿರಿ, ಗುಡಿಗಲ್ಲ.

ಮುಂದಿನ ಭಾರತ ಹುಣ್ಣಿಮೆಗೆ ನಾವೂ ಗುಡ್ಡಕ್ಕೆ ಬರ್ತೇವೆ. ಕೈಯಾಗ ಕಾಯಿ, ಕರ್ಪೂರ ಇರೋದಿಲ್ಲ. ಜೋಗುಳಬಾವಿಯ ದಾರಿಯಲ್ಲಿ ಚಾಪೆ ಹಾಸಿ, ಎಣ್ಣಿ, ಹಣಗಿ, ಕತ್ತರಿ ಇಟ್ಟುಕೊಂಡು ಕೂಡ್ತೇವೆ. ಯಾರ ಜಡಿಯನ್ನೂ ಒತ್ತಾಯದಿಂದ ಕೊಯ್ಯುವುದಿಲ್ಲ. ಕೇಳಿದವರಿಗೆ ಇಲ್ಲ ಅನ್ನುವುದೂ ಇಲ್ಲ.