ಇಂಟರ್‌ವಲ್ ಹರಟೆ: ‘ಆಯ್ತು ಸಾರ್’ ಅಂದ್ರೆ ಆಗೋಯ್ತಾ?

ಈ ವಾರದ ಅಂಚೆಯಲ್ಲೂ ನಾಯಕಿಯರ ವಯಸ್ಸು ಕೇಳಿದವರೇ ಜಾಸ್ತಿ. ಅವರು ಸ್ವಲ್ಪ ಕಾಯಲಿ. ಪೆರೇಸಂದ್ರದಿಂದ ಬಂದ ಒಂದು ಕಾಗದ ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಆರು ಜನ ಗೆಳೆಯರು. ಏಪ್ರಿಲ್ 24, ಅಣ್ಣಾವ್ರ ಹುಟ್ಟುಹಬ್ಬದ ದಿನ, ಕಂಠೀರವ ಸ್ಟುಡಿಯೋದಲ್ಲಿರುವ ಸಮಾಧಿಗೆ ಹೂವಿಡಲು ಬರುತ್ತಾರಂತೆ. ಹಿಂದಿನ ರಾತ್ರಿ ಗಾಂಧಿನಗರದಲ್ಲಿ ಸೆಕೆಂಡ್ ಷೋ, ಆಮೇಲೆ ಲಾಡ್ಜು. ಅವರಲ್ಲಿ ಒಬ್ಬನಿಗೆ ಊರುಗೋಲು. ‘ಕೆಳಗಿನ ರೂಮೇ ಬೇಕು ಅಂತ ಫೋನಲ್ಲಿ ಹೇಳಿದ್ದೀವಿ ಸಾರ್, ಆಯ್ತು ಅಂದ್ರು. ಹೊರಡೋಕೆ ಮುಂಚೆ ಇನ್ನೊಂದ್ಸಲ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರಾ?’

ಮಾಡ್ಕೊಂಡ್ರೆ ಮಾಡ್ಕೊಳ್ಳಲಿ ಬಿಡ್ರಪ್ಪಾ! ಕೇಳಿ. ಕೇಳದೆ ಕೆಟ್ಟವನು ನಾನು.

ನಾನೂ ಅದೇ ಪೆರೇಸಂದ್ರದವನು. ಹೈದರಾಬಾದ್ ರೋಡಿನಲ್ಲಿ ಚಿಕ್ಕಬಳ್ಳಾಪುರ ದಾಟಿ, ಗುಡಿಬಂಡೆಗೆ ತಿರುಗೋ ಕಡೆ ನಮ್ಮೂರು. ಅರ್ಧ ಊರು ಕನ್ನಡ ಚಿತ್ರ ನೋಡಿದರೆ ಇನ್ನರ್ಧ ತೆಲುಗು. ಅಣ್ಣಾವ್ರು ಹೆಚ್ಚೋ ಎನ್‌ಟಿಆರ್ ಹೆಚ್ಚೋ ಅಂತ ಟೀ ಅಂಗಡಿಯಲ್ಲಿ ಕೈಕೈ ಮಿಲಾಯಿಸಿದ್ದೂ ಉಂಟು. ನಮ್ಮಪ್ಪ ಮಾತ್ರ ಕಟ್ಟಾ ರಾಜಣ್ಣನ ಕಡೆ. ದೊರೈ–ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ 1971ರಲ್ಲಿ ಬಂದಾಗ ಟೆಂಟಿನಲ್ಲಿ ನೆಲದ ಮೇಲೆ ಕೂತು ಮೂರು ಸಲ ನೋಡಿದ್ದರಂತೆ. ಅದೇ ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬಿ 2014ರ ನವೆಂಬರ್ 7ರಂದು ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ಅಪ್ಪ ಒಂದೇ ಹಟ: ‘ನನ್ನ ಒಂದ್ಸಲ ಕರ್ಕೊಂಡೋಗಿ ತೋರಿಸ್ಬಿಡೋ.’

ಬೆಂಗಳೂರಿಗೆ ಸುಮಾರು 75 ಕಿಲೋಮೀಟರ್. ಮಂಡಿನೋವಿನ ಮುದುಕರನ್ನು ಒಂದೇ ದಿನ ಹೋಗಿಬರುವಂತೆ ಮಾಡೋದು ಹೇಗೆ? ಹತ್ತು ದಿನ ಮುಂಚೆಯೇ ಒಂದು ಲಾಡ್ಜಿಗೆ ಫೋನ್ ಹಚ್ಚಿ, ‘ಲಿಫ್ಟ್ ಇಲ್ಲ ಅಂತೀರಿ, ಹಾಗಾದ್ರೆ ಕೆಳಗಿನ ರೂಮೇ ಕೊಡಿ’ ಅಂದೆ. ‘ಆಯ್ತು ಸಾರ್, ಬನ್ನಿ ಸಾರ್!’ ಎಷ್ಟು ಸಿಹಿಯಾಗಿ ಅಂದ ಅಂತೀರಿ! ನಾನು ಫೋನಿಟ್ಟು ನೆಮ್ಮದಿಯಾಗಿಬಿಟ್ಟೆ. ಮತ್ತೆ ಕೇಳಲಿಲ್ಲ.

ಶನಿವಾರ ಸಂಜೆ ಹೋಗಿ ನಿಂತರೆ ಕೌಂಟರಿನಲ್ಲಿ ಬೇರೆ ಆಸಾಮಿ. ಕೆಳಗಿನ ರೂಮುಗಳೆಲ್ಲ ಒಂದು ಮದುವೆ ಪಾರ್ಟಿಗೆ ಹೋಗಿದ್ದವು. ನಮಗೆ ಮೂರನೇ ಮಹಡಿ. ಅಪ್ಪ ಕಟಕಟೆ ಹಿಡಿದು, ಮೂರು ಕಡೆ ಕೂತು, ಹತ್ತಿದರು. ಹತ್ತಿದವರು ಷೋ ಹೊತ್ತಿಗೆ ಇಳಿಯಲಿಲ್ಲ. ‘ನೀನು ಹೋಗಿ ನೋಡ್ಕೊಂಡು ಬಾರೋ, ಬಂದು ಕತೆ ಹೇಳು’ ಅಂದರು. ಪಿಕ್ಚರಿನಲ್ಲಿ ಕೈಯೆತ್ತಿ ಕೊಡೋ ನಾಯಕ, ಇಲ್ಲಿ ಕೆಳಗಿನ ಒಂದು ರೂಮು ಕೊಡದ ಲಾಡ್ಜು!

ರಾತ್ರಿ ಬಂದಾಗ ಅಪ್ಪ ಎದ್ದೇ ಇದ್ದರು. ‘ಅಣ್ಣಾವ್ರ ಕೋಟಿಗೆ ಯಾವ ಬಣ್ಣ ಹಾಕವ್ರೆ?’ ಅಂದರು. ನನಗೆ ಹೇಳೋಕೆ ಬರಲಿಲ್ಲ. ಕಣ್ಣು ಪರದೆ ಮೇಲಿತ್ತು, ಮನಸ್ಸು ಮೆಟ್ಟಿಲ ಮೇಲಿತ್ತು. ಆಮೇಲೆ ಅಪ್ಪ ಬೆಂಗಳೂರಿಗೆ ಬರಲೇ ಇಲ್ಲ.

ಅಲ್ಲಿಂದೀಚೆಗೆ ಎಷ್ಟೋ ಲಾಡ್ಜುಗಳಲ್ಲಿ ಮಲಗೆದ್ದು, ಕೌಂಟರಿನವರ ಜೊತೆ ಟೀ ಕುಡಿದು ತಿಳಿದುಕೊಂಡದ್ದು ಹೇಳ್ತೀನಿ. ಅವರು ಸುಳ್ಳು ಹೇಳಿರೋದಿಲ್ಲ ಸ್ವಾಮಿ. ಹತ್ತು ದಿನ ಮುಂಚೆ ಯಾವ ರೂಮು ಯಾರಿಗೆ ಅನ್ನೋದು ಅವರಿಗೇ ಗೊತ್ತಿರೋದಿಲ್ಲ. ಪುಸ್ತಕದಲ್ಲಿ ನಿಮ್ಮ ಹೆಸರು ಇರುತ್ತೆ, ರೂಮು ನಂಬರ್ ಇರೋದಿಲ್ಲ. ಹಲವು ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ. ಒಳಗಿರೋನು ಬೀಗದ ಕೈ ಕೊಟ್ಟು ಹೋದಮೇಲೇ ಹಂಚಿಕೆ. ಆ ಹೊತ್ತಿಗೆ ಎದುರು ನಿಂತವನಿಗೇ ಮೊದಲ ಮಣೆ. ನಿಮ್ಮ ಜೊತೆ ಫೋನಲ್ಲಿ ಮಾತಾಡಿದವನ ಡ್ಯೂಟಿ ಆಗಲೇ ಮುಗಿದಿರುತ್ತೆ. ಆ್ಯಪ್‌ನಲ್ಲಿ ‘ಕೆಳಗಿನ ರೂಮು’ ಅಂತ ಟೈಪ್ ಮಾಡಿದ್ದೀನಲ್ಲ ಅಂತ ಕೂರಬೇಡಿ. ಕೌಂಟರಿನವನು ಅದನ್ನು ಓದಿರ್ತಾನೆ ಅಂತ ಏನು ಗ್ಯಾರಂಟಿ?

ಆದ್ದರಿಂದ ಎರಡು ದಿನ ಮುಂಚೆ ಒಂದು ಫೋನ್. ಹೊರಡುವ ದಿನ ಬಸ್ ಹತ್ತೋಕೆ ಮುಂಚೆ ಇನ್ನೊಂದು. ಮಧ್ಯಾಹ್ನ ಹನ್ನೆರಡಕ್ಕೆ ಬೇಡ, ಬಿಲ್ಲು ಕೊಡೋರ ಗಲಾಟೆ. ಬೆಳಿಗ್ಗೆ ಹತ್ತರ ಸುಮಾರಿಗೆ ಮ್ಯಾನೇಜರನ್ನೇ ಕೇಳಿ, ಹೆಸರು ಕೇಳಿಟ್ಟುಕೊಳ್ಳಿ. ‘ಒಳ್ಳೇ ರೂಮು ಕೊಡಿ’ ಅನ್ನಬೇಡಿ, ಎಲ್ಲರೂ ಅನ್ನೋದು ಅದನ್ನೇ. ‘ನಮ್ಮ ಹುಡುಗ ಊರುಗೋಲಿನವನು, ಮೆಟ್ಟಿಲು ಹತ್ತಲಾರ’ ಅನ್ನಿ. ಬುಕಿಂಗ್ ಪಕ್ಕದಲ್ಲೇ ಬರೆಸಿ, ವಾಟ್ಸಾಪಿನಲ್ಲೂ ಕಳಿಸಿ. ರಾತ್ರಿ ಪಾಳಿಯವನ ಮುಂದೆ ಹಿಡಿಯೋಕೆ ಅದೇ ಸಾಕ್ಷಿ. ಅದರ ಜೊತೆ ಥಿಯೇಟರಿನ ಕಟೌಟ್ ಕಾಣೋ ಕಿಟಕಿ ಬೇಕು, ಸದ್ದೂ ಇರಬಾರದು ಅಂತ ಸೇರಿಸಿದಿರೋ, ಮೂರೂ ಹೋಯ್ತು!

ಔಟ್‌ಡೋರ್ ಷೂಟಿಂಗಿಗೆ ಯೂನಿಟ್ ಹೊರಟರೆ ಬುದ್ಧಿವಂತ ಪ್ರೊಡಕ್ಷನ್ ಮ್ಯಾನೇಜರ್ ಫೋನನ್ನೂ ನಂಬೋದಿಲ್ಲ. ಮೊದಲೇ ಹೋಗಿ ರೂಮುಗಳನ್ನು ಕಣ್ಣಾರೆ ನೋಡಿ ಬರ್ತಾನೆ. ನೀವು ಆರು ಜನ ಇದ್ದೀರಿ. ಒಬ್ಬ ಬೆಳಗಿನ ಬಸ್ಸಿಗೇ ಬಂದು ಬೀಗದ ಕೈ ಇಸ್ಕೊಂಡು ಕೂತರೆ ಏನು ನಷ್ಟ?

ಫೋನಿನಲ್ಲೇ ‘ಇಲ್ಲ ಸಾರ್’ ಅಂದ್ರೆ? ಬಹಳ ಒಳ್ಳೇದಾಯ್ತು ಅಂದ್ಕೊಳ್ಳಿ. ಇನ್ನೊಂದು ಲಾಡ್ಜು ಹುಡುಕೋಕೆ ಎರಡು ದಿನ ಕೈಯಲ್ಲಿರುತ್ತೆ. ಸಂಜೆ ಹೊತ್ತು, ಬ್ಯಾಗು ಹೊತ್ತುಕೊಂಡು, ಕೌಂಟರಿನ ಮುಂದೆ ನಿಂತಾಗ ಅದು ಇರೋದಿಲ್ಲ.

ಇನ್ನೊಂದು ಮರೆತಿದ್ದೆ. ಸೆಕೆಂಡ್ ಷೋಗೆ ಬಾಲ್ಕನಿ ತಗೋಬೇಡಿ, ಅಲ್ಲೂ ಮೆಟ್ಟಿಲು. ಆ ಒಂದು ರಾತ್ರಿ ಗೆಳೆಯನ ಜೊತೆ ಎಲ್ಲರೂ ಕೆಳಗೇ ಕೂತುಬಿಡಿ. ಶಿಳ್ಳೆಗೂ ಅದೇ ಸರಿಯಾದ ಜಾಗ.

ನಾಯಕಿಯರ ವಯಸ್ಸು ಮುಂದಿನ ವಾರ.