ಮೊದಲ ಸ್ಕ್ಯಾನಿಂಗಿನ ಕಾಗದವೂ ತವರಿಗೆ ಹೋಗಲಿ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಚೊಚ್ಚಲ ಬಸಿರಿನ ಹೆಣ್ಣುಮಗಳು ಕುಬಸ ಮುಗಿಸಿಕೊಂಡು ಏಳನೆಯ ತಿಂಗಳಿಗೆ ತವರಿಗೆ ಹೊರಡುವ ರೂಢಿ ಇಂದಿಗೂ ಉಳಿದಿದೆ. ರೂಢಿಯ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಸೀರೆ, ಬಳೆ, ಔಷಧಿಗಳೆಲ್ಲ ಪೆಟ್ಟಿಗೆ ಸೇರುವಾಗ ಮೂರನೆಯ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗಿನ ವರದಿ ಮಾತ್ರ ‘ಹಳೆಯದು’ ಎಂಬ ಕಾರಣಕ್ಕೆ ಕಪಾಟಿನಲ್ಲೇ ಉಳಿದುಬಿಡುವುದುಂಟು. ವೈದ್ಯರು ಬದಲಾಗುತ್ತಾರೆ, ಊರು ಬದಲಾಗುತ್ತದೆ, ಮಗುವಿನ ತಲೆಯನ್ನು ಹೊಸದಾಗಿ ಅಳೆಯಲಾಗುತ್ತದೆ. ಆ ಅಳತೆಗೆ ಅರ್ಥ ಕೊಡಬೇಕಾದ ಕಾಗದವೇ ಅಲ್ಲಿರುವುದಿಲ್ಲ.

ಗರ್ಭಸ್ಥ ಶಿಶುವಿನ ತಲೆಯನ್ನು ಅಳೆಯುವ ಈ ವಿದ್ಯೆ ತೀರ ಹಳೆಯದೇನಲ್ಲ. ಲೋಹದೊಳಗಿನ ಬಿರುಕನ್ನು ಪತ್ತೆಹಚ್ಚಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಶಬ್ದತರಂಗದ ಉಪಕರಣವನ್ನು ಗ್ಲಾಸ್ಗೋದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ಹೊಟ್ಟೆಯ ತಪಾಸಣೆಗೆ ಒಗ್ಗಿಸಿಕೊಂಡರು. 1958ರಲ್ಲಿ ಸಂಗಡಿಗರೊಡನೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಹತ್ತು ವರ್ಷಗಳ ತರುವಾಯ ಸ್ಟುವರ್ಟ್ ಕ್ಯಾಂಪ್‌ಬೆಲ್ ತಲೆಯ ಅಡ್ಡಳತೆಯನ್ನು ಇನ್ನಷ್ಟು ಕರಾರುವಾಕ್ಕಾಗಿ ತೆಗೆಯುವ ಕ್ರಮವನ್ನು ರೂಪಿಸಿದರು. ಇಂದಿನ ವರದಿಗಳಲ್ಲಿ ‘ಬಿಪಿಡಿ’ ಎಂದಿರುವುದು ಈ ಅಡ್ಡಳತೆ. ‘ಎಚ್‌ಸಿ’ ಎಂದಿರುವುದು ತಲೆಯ ಸುತ್ತಳತೆ.

ಈ ಅಳತೆಗೆ ನಾವು ಎರಡು ಬೇರೆಬೇರೆ ಪ್ರಶ್ನೆಗಳನ್ನು ಕೇಳುತ್ತೇವೆ. ಮಗುವಿಗೆ ಎಷ್ಟು ವಾರ ತುಂಬಿತು ಎಂಬುದು ಒಂದು. ತುಂಬಿದ ವಾರಗಳಿಗೆ ತಕ್ಕಂತೆ ಅದು ಬೆಳೆದಿದೆಯೇ ಎಂಬುದು ಇನ್ನೊಂದು. ಒಂದೇ ಅಳತೆಯಿಂದ ಎರಡಕ್ಕೂ ಉತ್ತರ ಪಡೆಯಲಾಗದು. ಕಂಬದ ನೆರಳನ್ನು ನೋಡಿ ಹೊತ್ತು ಹೇಳಬೇಕಾದರೆ ಕಂಬದ ಎತ್ತರ ತಿಳಿದಿರಬೇಕು. ಎತ್ತರ ಹೇಳಬೇಕಾದರೆ ಹೊತ್ತು ತಿಳಿದಿರಬೇಕು. ಮೊದಲ ಮೂರು ತಿಂಗಳಲ್ಲಿ ಶಿಶುಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಗ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆದರೆ ವಯಸ್ಸು ಐದರಿಂದ ಏಳು ದಿನಗಳ ಆಚೀಚೆ ಸಿಗುತ್ತದೆ. ಐದನೆಯ ತಿಂಗಳ ಹೊತ್ತಿಗೆ ತಲೆಯ ಅಡ್ಡಳತೆ ವಾರಕ್ಕೆ ಸುಮಾರು 3 ಮಿಲಿಮೀಟರ್ ಹೆಚ್ಚುತ್ತಿರುತ್ತದೆ. ಆಗಲೂ ವಯಸ್ಸಿನ ಅಂದಾಜು ಹತ್ತು ದಿನಗಳ ಅಂತರದಲ್ಲಿ ನಿಲ್ಲುತ್ತದೆ. ಕೊನೆಯ ವಾರಗಳಲ್ಲಿ ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿಯುತ್ತದೆ, ಮಗುವಿನಿಂದ ಮಗುವಿಗೆ ವ್ಯತ್ಯಾಸವೂ ದೊಡ್ಡದಾಗುತ್ತದೆ. ಆಗ ತಲೆಯನ್ನು ನೋಡಿ ವಯಸ್ಸು ಹೇಳಹೊರಟರೆ ಮೂರು ವಾರಗಳಷ್ಟು ತಪ್ಪಬಹುದು.

ಅಪಾಯವಿರುವುದು ಇಲ್ಲಿಯೇ. 36 ವಾರ ತುಂಬಿದ ಮಗುವೊಂದು ತಾಯಿಯ ರಕ್ತದೊತ್ತಡದಿಂದಲೋ ಮಾಸಿನ ದೋಷದಿಂದಲೋ ಸೊರಗಿ, 33 ವಾರದ ಅಳತೆ ತೋರುತ್ತಿದೆ ಎನ್ನಿ. ಮೊದಲ ವರದಿ ಕೈಯಲ್ಲಿದ್ದರೆ ವೈದ್ಯರು ಕೂಡಲೇ ಎಚ್ಚರಗೊಳ್ಳುತ್ತಾರೆ. ಅದಿಲ್ಲದಿದ್ದರೆ ಯಂತ್ರ ತನ್ನ ಲೆಕ್ಕದಂತೆ 33 ವಾರವೆಂದು ಬರೆಯುತ್ತದೆ. ‘ಇನ್ನೂ ದಿನವಿದೆ’ ಎಂದು ಮನೆಯವರು ನೆಮ್ಮದಿಯಿಂದಿರುತ್ತಾರೆ. ಸಂಕಟದಲ್ಲಿರುವ ಮಗು ಕಾಗದದ ಮೇಲೆ ಕೇವಲ ಎಳೆಯ ಮಗುವಾಗಿಬಿಡುತ್ತದೆ. ತಲೆಯೊಂದನ್ನೇ ನಂಬುವುದೂ ಸಲ್ಲದು. ಪೋಷಣೆ ಕಡಿಮೆಯಾದಾಗ ಶಿಶುವಿನ ದೇಹ ರಕ್ತವನ್ನು ಮಿದುಳಿನತ್ತ ಹೆಚ್ಚು ಹರಿಸುತ್ತದೆ. ತಲೆ ಬೆಳೆಯುತ್ತಿರುವಾಗಲೇ ಹೊಟ್ಟೆ ಬಡವಾಗಿರಬಹುದು. ಆದುದರಿಂದಲೇ ಹೊಟ್ಟೆಯ ಸುತ್ತಳತೆಯನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ದಿಗಿಲೂ ಇದೆ: ‘ತಲೆ ಚಿಕ್ಕದು’ ಎಂಬ ಮಾತು. ಚಿಕ್ಕದು, ಯಾವ ಪಟ್ಟಿಗೆ ಹೋಲಿಸಿದರೆ? ಬಹಳಷ್ಟು ಯಂತ್ರಗಳಲ್ಲಿರುವ ಹ್ಯಾಡ್‌ಲಾಕ್ ಪಟ್ಟಿ 1980ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಗರ್ಭಿಣಿಯರನ್ನು ಅಳೆದು ಸಿದ್ಧಪಡಿಸಿದ್ದು. 2014ರಲ್ಲಿ ಪ್ರಕಟವಾದ ಇಂಟರ್‌ಗ್ರೋತ್ ಪಟ್ಟಿಗಾಗಿ ಎಂಟು ದೇಶಗಳಲ್ಲಿ ಅಳತೆ ನಡೆಯಿತು. ನಮ್ಮ ನಾಗಪುರವೂ ಅದರಲ್ಲಿತ್ತು. ಒಂದೇ ತಲೆ ಒಂದು ಪಟ್ಟಿಯಲ್ಲಿ ಗೆರೆಯ ಕೆಳಗೆ, ಇನ್ನೊಂದರಲ್ಲಿ ಗೆರೆಯ ಮೇಲೆ ಬೀಳಬಹುದು. ಅಲ್ಲದೆ ‘ಮೂರನೆಯ ಪರ್ಸೆಂಟೈಲ್’ ಎಂಬ ಗೆರೆಯನ್ನು ಎಳೆದಿರುವುದೇ ಆರೋಗ್ಯವಂತ ಶಿಶುಗಳಲ್ಲೂ ನೂರಕ್ಕೆ ಮೂರು ಅದರ ಕೆಳಗೆ ಬರುವಂತೆ. ಗೆರೆಯ ಕೆಳಗಿರುವುದು ರೋಗದ ಹೆಸರಲ್ಲ, ಇನ್ನೊಮ್ಮೆ ನೋಡಿರೆಂಬ ಸೂಚನೆ. ಎರಡು ಮೂರು ವಾರ ಬಿಟ್ಟು ಮತ್ತೆ ಅಳೆಯುವುದು, ಮಿದುಳಿನ ರಚನೆಯನ್ನು ಗಮನಿಸುವುದು, ತಂದೆತಾಯಿಯರ ತಲೆಯನ್ನೇ ಅಳೆದು ನೋಡುವುದು, ಇವೆಲ್ಲ ಆದ ಮೇಲೆ ಬರಬೇಕಾದ ಮಾತು ಮೊದಲೇ ಬಂದರೆ ತಾಯಿಯ ನಿದ್ದೆ ಕೆಡುತ್ತದೆ.

ಅಂಕಿಗಳನ್ನು ವೈದ್ಯರಿಗೇ ಬಿಡೋಣ, ಬಸುರಿಯ ತಲೆಗೆ ಅವನ್ನೇಕೆ ಹೊರಿಸಬೇಕು ಎಂದು ಕೆಲವರು ಕೇಳಬಹುದು. ಅಂಕಿಗಳ ವಿಚಾರ ವೈದ್ಯರದೇ, ಒಪ್ಪುತ್ತೇವೆ. ಆದರೆ ಎರಡು ಊರುಗಳ ವೈದ್ಯರ ನಡುವೆ ಪಯಣಿಸುವವಳು ಆಕೆಯೊಬ್ಬಳೇ. ವರದಿ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲೋ ಹಿಂದಿಯಲ್ಲೋ, ಆತಂಕ ಮಾತ್ರ ಕನ್ನಡದಲ್ಲಿ. ಯಾವ ಕಾಗದ ಮುಖ್ಯವೆಂದು ಆಕೆಗೆ ಯಾರೂ ಹೇಳದಿದ್ದರೆ ಅದನ್ನು ಬಿಟ್ಟುಬಂದ ತಪ್ಪನ್ನು ಆಕೆಯ ಮೇಲೆ ಹೊರಿಸಲಾಗದು. 24 ವಾರಗಳೊಳಗೆ ಒಂದು ಸ್ಕ್ಯಾನಿಂಗ್ ಆಗಬೇಕು, ತನ್ನ ದಾಖಲೆಗಳನ್ನು ಗರ್ಭಿಣಿಯೇ ಇಟ್ಟುಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೇ ಶಿಫಾರಸು ಮಾಡಿದೆ.

ನಾವು ಕೇಳುವುದು ಹೆಚ್ಚಿನದೇನಲ್ಲ. ಮೊದಲ ಸ್ಕ್ಯಾನಿಂಗಿನಿಂದ ಗೊತ್ತುಮಾಡಿದ ಹೆರಿಗೆಯ ದಿನಾಂಕವನ್ನು ಮುಂದಿನ ಪ್ರತಿ ವರದಿಯ ನೆತ್ತಿಯ ಮೇಲೆ ಬರೆಯಲಿ. ಬಳಸಿದ ಪಟ್ಟಿ ಯಾವುದೆಂದು ತಿಳಿಸಲಿ. ಮಗು ವಾರಕ್ಕೆ ತಕ್ಕಂತೆ ಬೆಳೆದಿದೆಯೋ ಇಲ್ಲವೋ ಎಂಬ ಒಂದು ವಾಕ್ಯವನ್ನು ತಾಯಿಗೆ ಅರ್ಥವಾಗುವ ನುಡಿಯಲ್ಲಿ ಹೇಳಲಿ. ಆ ನುಡಿ ವೈದ್ಯರಿಗೆ ಬಾರದ ನಗರಗಳಲ್ಲಿ, ಅದು ಬಲ್ಲ ನೆರೆಯವರೊಬ್ಬರು ಆಕೆಯೊಡನೆ ಆಸ್ಪತ್ರೆಗೆ ಹೋಗಿ ಕೂರುವುದನ್ನು ನಮ್ಮ ಸಂಘಗಳು ತಮ್ಮ ಕೆಲಸವೆಂದೇ ತಿಳಿಯಬೇಕು. ಕನ್ನಡದ ಸೇವೆ ವೇದಿಕೆಯ ಮೇಲೆ ಮಾತ್ರ ನಡೆಯಬೇಕೆಂದೇನೂ ಇಲ್ಲ.